ಅಪ್ಪಣೆಗೊಂದು ತಂತಿ, ಉತ್ತರಕ್ಕೊಂದು

ಕಾರಿನ ಹಳೆಯ ಎಂಜಿನ್ ಇಳಿಸಿ, ಅದೇ ಬಾನೆಟ್ಟಿನಡಿ ಇನ್ನೂ ಬಲವಾದ ಎಂಜಿನ್ ಕೂರಿಸುವುದಕ್ಕೆ ಗ್ಯಾರೇಜಿನವರು ‘ಎಂಜಿನ್ ಸ್ವಾಪ್’ ಎನ್ನುತ್ತಾರೆ. ಎಲ್ಲರ ಕಣ್ಣೂ ಕ್ರೇನಿನ ಮೇಲೆ. ಎಂಜಿನ್ ತೂಗಾಡುತ್ತ ಇಳಿದು, ಮೌಂಟಿಂಗಿನ ಮೇಲೆ ಕೂತು, ಬೋಲ್ಟ್ ಬಿಗಿಯಾಯಿತೆಂದರೆ ಕೆಲಸ ಗೆದ್ದಂತೆಯೇ. ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗೂ ಸರಿಯಾಗಿದೆ. ಆದರೆ ರಸ್ತೆಗಿಳಿಸಿ ಆಕ್ಸಿಲರೇಟರ್ ಒತ್ತಿದಾಗ ಆರು ಸಾವಿರ ಆರ್‌ಪಿಎಂ ದಾಟಿದರೂ ಏನೂ ಆಗುವುದಿಲ್ಲ. ಯಾವ ಜೋರಿಗಾಗಿ ಇಷ್ಟು ದುಡ್ಡು ಸುರಿದದ್ದೋ ಅದೇ ನಾಪತ್ತೆ. ಸ್ಪ್ಯಾನರ್ ಹಿಡಿದವರು ಕೈ ಒರೆಸಿಕೊಂಡು ಹೋದ ಮೇಲೆ, ವೈರಿಂಗ್ ಮಾಡುವವನ ಕೆಲಸ ಶುರುವಾಗುವುದು ಇಲ್ಲಿಂದ.

ಈ ಕಸುಬಿಗೆ ಹೆಚ್ಚು ಕೆಲಸ ಕೊಟ್ಟ ಎಂಜಿನ್ ಹೋಂಡಾದ ಬಿ16ಎ. 1989ರಲ್ಲಿ ಜಪಾನಿನ ಇಂಟೆಗ್ರಾ ಕಾರಿನಲ್ಲಿ ಬಂದದ್ದು. 1595 ಸಿಸಿ, 7600 ಆರ್‌ಪಿಎಂನಲ್ಲಿ 160 ಅಶ್ವಶಕ್ತಿ. ಟರ್ಬೋ ಇಲ್ಲದೆ ಲೀಟರಿಗೆ ನೂರು ಅಶ್ವಶಕ್ತಿ ಎಂದರೆ ಆ ಕಾಲಕ್ಕೆ ದೊಡ್ಡ ಮಾತು. ಇದರ ಒಳಗುಟ್ಟು ವಿಟೆಕ್; ಇಕುಓ ಕಜಿತಾನಿ ಎಂಬ ಎಂಜಿನಿಯರ್ ಹೆಸರಿನೊಂದಿಗೆ ತಳುಕು ಹಾಕಿಕೊಂಡ ವಿದ್ಯೆ.

ವಾಲ್ವುಗಳನ್ನು ತೆರೆದು ಮುಚ್ಚುವುದು ಕ್ಯಾಮ್‌ಶಾಫ್ಟ್. ಅದರ ಉಬ್ಬು ಸಣ್ಣದಿದ್ದರೆ ಎಂಜಿನ್ ಊರೊಳಗಿನ ಓಡಾಟಕ್ಕೆ ಹಿತ, ದೊಡ್ಡದಿದ್ದರೆ ವೇಗಕ್ಕೆ ಹಿತ. ಎರಡೂ ಬೇಕೆಂದು ಹೋಂಡಾ ಪ್ರತಿ ಜೋಡಿ ವಾಲ್ವಿಗೂ ಮೂರು ಉಬ್ಬು, ಮೂರು ರಾಕರ್ ಆರ್ಮ್ ಇಟ್ಟಿತು. ನಿಧಾನದಲ್ಲಿ ಅಕ್ಕಪಕ್ಕದ ಎರಡು ಮಾತ್ರ ದುಡಿಯುತ್ತವೆ, ನಡುವಿನದು ಸುಮ್ಮನೆ ಆಡುತ್ತಿರುತ್ತದೆ. ವೇಗ ಏರಿದಾಗ ಎಂಜಿನ್ ಆಯಿಲ್‌ನ ಒತ್ತಡ ಒಂದು ಪಿನ್ನನ್ನು ತಳ್ಳಿ, ಬಾಗಿಲಿಗೆ ಅಗಳಿ ಜಡಿದ ಹಾಗೆ, ಮೂರನ್ನೂ ಒಂದಾಗಿಸುತ್ತದೆ. ಆಮೇಲೆ ನಡೆಯುವುದು ನಡುವಿನ ದೊಡ್ಡ ಉಬ್ಬಿನ ದರ್ಬಾರು. ಎಂಜಿನ್ನಿನ ದನಿಯೇ ಬದಲಾಗುತ್ತದೆ.

ಆ ಆಯಿಲ್‌ಗೆ ದಾರಿ ಬಿಡುವುದು ಸಿಲಿಂಡರ್ ಹೆಡ್ಡಿಗೆ ಅಂಟಿಕೊಂಡ ಸೊಲೆನಾಯ್ಡ್ ವಾಲ್ವ್. ಅದಕ್ಕೆ ಅಪ್ಪಣೆ ಕೊಡುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಅದು ಆರ್‌ಪಿಎಂ ಒಂದನ್ನೇ ನೋಡುವುದಿಲ್ಲ. ಎಂಜಿನ್ ಬಿಸಿಯಾಗಿದೆಯೇ, ಕಾರು ನಿಜವಾಗಿಯೂ ಓಡುತ್ತಿದೆಯೇ, ಲೋಡ್ ಎಷ್ಟಿದೆ ಎಂದೆಲ್ಲ ವಿಚಾರಿಸುತ್ತದೆ. ನಿಂತ ಕಾರಿನಲ್ಲಿ ಎಷ್ಟು ರೇಸ್ ಮಾಡಿದರೂ ವಿಟೆಕ್ ಏಳದಿದ್ದರೆ ಗಾಬರಿ ಬೇಡ. ಸ್ಪೀಡ್ ಸೆನ್ಸರಿನ ತಂತಿ ಹಾಕದೆ ಬಿಟ್ಟವರಿಗೆ ಮಾತ್ರ ರಸ್ತೆಯಲ್ಲೂ ಅದೇ ಗತಿ.

ಅಮೆರಿಕದ ಹುಡುಗರು ಈ ಎಂಜಿನ್ ಕೂರಿಸಲು ಹುಡುಕುತ್ತಿದ್ದುದು 1992ರಿಂದ 95ರ ಸಿವಿಕ್. ಅದರಲ್ಲಿ ಇಎಕ್ಸ್ ಮತ್ತು ಎಸ್‌ಐ ಮಾದರಿಗಳಿಗೆ ಕಾರ್ಖಾನೆಯಿಂದಲೇ ವಿಟೆಕ್ ಇತ್ತು, ತಂತಿಗಳೂ ಇದ್ದವು. ಅಗ್ಗದ ಸಿಎಕ್ಸ್, ಡಿಎಕ್ಸ್ ಮಾದರಿಗಳ ಹಾರ್ನೆಸ್ಸಿನಲ್ಲಿ, ಅಂದರೆ ತಂತಿಗಳ ಕಟ್ಟಿನಲ್ಲಿ, ಆ ತಂತಿಗಳೇ ಇಲ್ಲ. ಇಸಿಯು ಪ್ಲಗ್ಗಿನ ಆ ಮನೆಗಳು ಖಾಲಿ. ಹಗುರ ಎಂದು ಎಲ್ಲರಿಗೂ ಬೇಕಾದದ್ದು ಈ ಅಗ್ಗದ ಕಾರುಗಳೇ ಆದ್ದರಿಂದ ವೈರಿಂಗಿನವನಿಗೆ ಕೆಲಸ ತಪ್ಪಲಿಲ್ಲ. ಡಿಎಕ್ಸ್‌ನ ಸ್ವಂತ ಇಸಿಯುಗೂ ಸೊಲೆನಾಯ್ಡ್ ಎಬ್ಬಿಸುವ ಶಕ್ತಿ ಇಲ್ಲ. ಹಾಗಾಗಿ ಪಿ28 ಅಥವಾ ಪಿ30 ಎಂಬ ಗುರುತಿನ ಬೇರೆ ಇಸಿಯು ತರಬೇಕು.

ಹೊಸದಾಗಿ ಎಳೆಯಬೇಕಾದ ಮುಖ್ಯ ತಂತಿಗಳು ಮೂರು. ಸೊಲೆನಾಯ್ಡಿನಿಂದ ಇಸಿಯುವಿನ ಎ4 ಪಿನ್ನಿಗೆ ಒಂದು. ಆಯಿಲ್ ಪ್ರೆಷರ್ ಸ್ವಿಚ್ಚಿನಿಂದ ಡಿ6ಕ್ಕೆ ಇನ್ನೊಂದು. ಆ ಸ್ವಿಚ್ಚಿನ ಎರಡನೇ ಕಾಲು ಅರ್ಥ್‌ಗೆ. ಪಿ30 ಹಾಕಿದರೆ, ಎಂಜಿನ್ನಿನೊಳಗಿನ ಅಸಹಜ ಬಡಿತ ಗುರುತಿಸುವ ನಾಕ್ ಸೆನ್ಸರಿನಿಂದ ಡಿ3ಕ್ಕೆ ಮತ್ತೊಂದು. ನಾಕ್ ಸೆನ್ಸರಿನ ಸಿಗ್ನಲ್ ಬಲು ಕ್ಷೀಣ, ಪಕ್ಕದ ಇಗ್ನಿಷನ್ ತಂತಿಯ ಗಲಾಟೆಯೆಲ್ಲ ಅದಕ್ಕೆ ಹತ್ತಿಬಿಡುತ್ತದೆ. ಆದ್ದರಿಂದ ಅದಕ್ಕೆ ಜಾಲರಿ ಹೊದಿಸಿದ ಶೀಲ್ಡ್ ತಂತಿಯೇ ಆಗಬೇಕು.

ಸೊಲೆನಾಯ್ಡಿಗೆ ದಪ್ಪ ತಂತಿ ಬೇಕೆಂದುಕೊಳ್ಳುವವರಿದ್ದಾರೆ. ಅದರ ರೆಸಿಸ್ಟೆನ್ಸ್ 14ರಿಂದ 30 ಓಮ್. 12 ವೋಲ್ಟಿಗೆ ಲೆಕ್ಕ ಹಾಕಿದರೆ ಒಂದು ಆಂಪಿಯರ್ ಕೂಡ ಹರಿಯುವುದಿಲ್ಲ. ದಪ್ಪಕ್ಕಿಂತ ದಾರಿ ಮುಖ್ಯ. ಒಳ್ಳೆಯ ಕೆಲಸಗಾರ ಎಂಜಿನ್ನಿಗೂ ಕಾರಿನ ಒಳಾಂಗಣಕ್ಕೂ ನಡುವಿನ ಫೈರ್‌ವಾಲಿಗೆ ಹೊಸ ತೂತು ಕೊರೆಯದೆ, ಕಾರ್ಖಾನೆಯ ರಬ್ಬರ್ ಗ್ರಾಮೆಟ್ಟಿನೊಳಗಿಂದಲೇ ತಂತಿ ನುಗ್ಗಿಸುತ್ತಾನೆ. ಎಕ್ಸಾಸ್ಟಿನಿಂದ ದೂರ ಇಡುತ್ತಾನೆ, ಎಂಜಿನ್ ಅಲುಗಾಡುವುದಕ್ಕೆಂದು ಸ್ವಲ್ಪ ಸಡಿಲ ಬಿಡುತ್ತಾನೆ. ಇಸಿಯು ಕಡೆಯ ತುದಿಗೆ ಸರಿಯಾದ ಟರ್ಮಿನಲ್ ಒತ್ತಿ, ಪ್ಲಗ್ಗಿನ ಖಾಲಿ ಮನೆಯೊಳಗೆ ತಳ್ಳಿ, ‘ಟಿಕ್’ ಎಂದು ಕೂತ ಮೇಲೆ ಒಮ್ಮೆ ಹಿಂದಕ್ಕೆ ಎಳೆದು ನೋಡುತ್ತಾನೆ. ಪಕ್ಕದ ತಂತಿ ಸುಲಿದು, ಅದಕ್ಕೆ ತಿರುಚಿ, ಟೇಪು ಸುತ್ತಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಬಾನೆಟ್ಟಿನ ಬಿಸಿಗೆ ಆ ಟೇಪಿನ ಅಂಟು ಕರಗಿದಾಗ ಯಾರ ಕೆಲಸವೆಂದು ಗೊತ್ತಾಗುತ್ತದೆ.

ಇಡೀ ಕೆಲಸದ ಜೀವಾಳ ಪ್ರೆಷರ್ ಸ್ವಿಚ್ ಎಂದೇ ನನ್ನ ಎಣಿಕೆ, ಕಡೆಗಣಿಸುವವರು ಹೆಚ್ಚಿರುವುದೂ ಅದನ್ನೇ. ಸೊಲೆನಾಯ್ಡಿಗೆ ಹೋಗುವುದು ಅಪ್ಪಣೆ. ಸ್ವಿಚ್ಚಿನಿಂದ ಬರುವುದು ‘ಆಯಿತು’ ಎಂಬ ಉತ್ತರ. ಒತ್ತಡವಿಲ್ಲದಾಗ ಸ್ವಿಚ್ ಮುಚ್ಚಿರುತ್ತದೆ, ಆಯಿಲ್ ನುಗ್ಗಿದಾಗ ತೆರೆದುಕೊಳ್ಳುತ್ತದೆ. ಇಸಿಯು ಎರಡು ಸ್ಥಿತಿಯನ್ನೂ ಪರೀಕ್ಷಿಸುತ್ತದೆ. ತಂತಿಯನ್ನೇ ಹಾಕದಿದ್ದರೆ ಸ್ವಿಚ್ ಸದಾ ತೆರೆದಂತೆ ಕಾಣುತ್ತದೆ, ಅನುಮಾನ ಬರುತ್ತದೆ. ಜಾಣತನ ತೋರಿಸಿ ಡಿ6ನ್ನು ನೇರ ಅರ್ಥ್ ಮಾಡಿದರೆ, ಅಪ್ಪಣೆ ಕೊಟ್ಟಾಗಲೂ ಸ್ವಿಚ್ ಮುಚ್ಚಿದಂತೆಯೇ ಕಂಡು ಸಿಕ್ಕಿಬೀಳುತ್ತೀರಿ. ಎರಡು ಸಲವೂ ಚೆಕ್ ಎಂಜಿನ್ ದೀಪ, 22ನೇ ಕೋಡ್. ಸೊಲೆನಾಯ್ಡಿನ ತಂತಿ ತಪ್ಪಿದರೆ 21, ನಾಕ್ ಸೆನ್ಸರಿನದಾದರೆ 23. ಸರ್ವಿಸ್ ಪ್ಲಗ್ಗಿನ ಎರಡು ಪಿನ್ ಸೇರಿಸಿದರೆ ದೀಪವೇ ಮಿನುಗಿ ಕೋಡ್ ಹೇಳುತ್ತದೆ: ಎರಡು ಉದ್ದ, ಒಂದು ಚಿಕ್ಕದು ಎಂದರೆ 21.

ಈ ರಗಳೆಯೇ ಬೇಡವೆಂದು ಆರ್‌ಪಿಎಂ ಸ್ವಿಚ್ ಹಾಕುವವರಿದ್ದಾರೆ. ಇಂತಿಷ್ಟು ವೇಗಕ್ಕೆ ಸೊಲೆನಾಯ್ಡಿಗೆ 12 ವೋಲ್ಟ್ ಬಿಡುವ ಚಿಕ್ಕ ಪೆಟ್ಟಿಗೆ ಅದು. ನನಗದು ಒಗ್ಗುವುದಿಲ್ಲ. ಕ್ಯಾಮ್ ಬದಲಾದದ್ದು ಇಸಿಯುಗೆ ಗೊತ್ತೇ ಆಗದೆ, ಅದು ಹಳೆಯ ಲೆಕ್ಕದಲ್ಲೇ ಪೆಟ್ರೋಲು, ಕಿಡಿ ಕೊಡುತ್ತಿರುತ್ತದೆ. ಆಯಿಲ್ ಒತ್ತಡವಿದೆಯೇ ಎಂದು ಕೇಳುವವರೂ ಇಲ್ಲ. ಟೊಯೋಟಾದ ವಿವಿಟಿ-ಐ ಥರದ ಎಂಜಿನ್ನಿನಲ್ಲಿ ಈ ಆಟ ನಡೆಯುವುದೂ ಇಲ್ಲ. ಅಲ್ಲಿ ಕ್ಯಾಮನ್ನು ಹಂತಹಂತವಾಗಿ ತಿರುಗಿಸುತ್ತ, ಅದೀಗ ಎಲ್ಲಿದೆ ಎಂದು ಸೆನ್ಸರ್ ಮೂಲಕ ನೋಡುತ್ತಲೇ ಇರಬೇಕು.

ತಂತಿಯ ಕೆಲಸ ಮುಗಿದ ಮೇಲೆ ಕಾನೂನಿನ ಸರದಿ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರು ಸರ್ಕಾರಿ ರೆಫರಿಯ ಮುಂದೆ ನಿಲ್ಲಬೇಕು. ಎಂಜಿನ್ ಕಾರಿನಷ್ಟೇ ಹೊಸದಾಗಿರಬೇಕು ಇಲ್ಲವೇ ಇನ್ನೂ ಹೊಸದಿರಬೇಕು, ಹೊಗೆ ತಡೆಯುವ ಅದರ ಪರಿಕರವೆಲ್ಲ ಜೋಡಣೆಯಾಗಿರಬೇಕು. ನಮ್ಮಲ್ಲಿ ಎಂಜಿನ್ ನಂಬರ್ ಆರ್‌ಸಿಯಲ್ಲೇ ಇರುತ್ತದೆ; 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ದಾಟಿ ಏನೂ ಮಾಡುವಂತಿಲ್ಲ. ಆದರೆ ಸ್ವಾಪ್ ಇಲ್ಲದೆಯೂ ಇಲ್ಲಿ ವಿಟೆಕ್ ಉಂಟು: ಹೋಂಡಾ ಸಿಟಿ ಇಲ್ಲಿಗೆ ಮೊದಲು ಬಂದದ್ದು 1998ರಲ್ಲಿ, ಕೆಲವೇ ವರ್ಷಗಳಲ್ಲಿ ಅದರ ವಿಟೆಕ್ ಮಾದರಿಯೂ ಬಂತು. ಬೆಂಗಳೂರಿನಲ್ಲಿ ಅದನ್ನು ಇಂದಿಗೂ ಜೋಪಾನ ಮಾಡುವವರಿದ್ದಾರೆ. ಶಿವಾಜಿನಗರದ ಗುಜರಿ, ಜೆಸಿ ರಸ್ತೆಯ ಅಂಗಡಿ ಸುತ್ತಿ ಸೊಲೆನಾಯ್ಡ್ ಹುಡುಕುವವರಿಗೆ ಒಂದು ಮಾತು: ಅದನ್ನು ಕೊಳ್ಳುವ ಮೊದಲು ಮೀಟರಿನಲ್ಲಿ ಓಮ್ ನೋಡಿ, ಬ್ಯಾಟರಿ ಕೊಟ್ಟು ‘ಟಕ್’ ಸದ್ದು ಕೇಳಿಸಿಕೊಳ್ಳಿ, ಬುಡದ ಜಾಲರಿಯಲ್ಲಿ ಕೊಳೆ ಕಟ್ಟಿದೆಯೇ ನೋಡಿ. ತಂತಿಯೆಲ್ಲ ಸರಿಯಿದ್ದೂ 22 ಹೋಗುವುದಿಲ್ಲವೆಂದರೆ ಹಾರ್ನೆಸ್ ಬಿಚ್ಚಬೇಡಿ, ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕಡಿಮೆಯಾದರೂ ಬರುವುದು ಅದೇ ಕೋಡ್.