ನೆಲದಿಂದ 32 ಇಂಚು ಮೇಲೆ

ಸಾಗರದಿಂದ ವರದಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮ ಹಳೆಯ ಮನೆ. ಅಡುಗೆಕಟ್ಟೆ ಕೂರಿಸಲು ಬಂದ ಮೇಸ್ತ್ರಿ ಗೋಡೆಗೆ ಮೂಲೆಮಟ್ಟ ಹಿಡಿದು ನಕ್ಕುಬಿಟ್ಟ. ಅಜ್ಜನ ಕಾಲದ ಮಣ್ಣಿನ ಗೋಡೆ. ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಎರಡು ಬೆರಳು ಒಳಗೆ ಸರಿದಿದೆ. ಇಷ್ಟು ವರ್ಷ ಯಾರಿಗೂ ಅದು ಕಂಡಿರಲಿಲ್ಲ, ಗೋಡೆಗೊರಗಿ ನೇರ ಅಂಚಿನದ್ದೇನೂ ಇರಲಿಲ್ಲವಲ್ಲ.

ಇದ್ದದ್ದೆಲ್ಲ ನೆಲದಲ್ಲೇ. ಮಣ್ಣಿನ ಒಲೆ, ಹೂತಿಟ್ಟ ಒರಳು, ಮೆಟ್ಟುಗತ್ತಿ, ತುರಿಮಣೆ. ಬೆನ್ನು ನೋವಿಗೆ ಕಟ್ಟೆ ಬಂತು ಎನ್ನುತ್ತಾರೆ, ನನಗೇನೋ ಪೂರ್ತಿ ನಂಬಿಕೆಯಿಲ್ಲ. ಸೌದೆ ಒಲೆಯ ಹೊಗೆ ಮೇಲಕ್ಕೇರಿ ಸೂರಿನ ಕೆಳಗೆ ಕಟ್ಟಿಕೊಳ್ಳುತ್ತದೆ. ಕೂತವರ ತಲೆ ಅದರಿಂದ ಒಂದಿಷ್ಟು ಪಾರು, ನಿಂತವರ ಕಣ್ಣು ನೇರ ಅದರೊಳಗೇ. ಎದ್ದು ನಿಂತು ಅಡುಗೆ ಮಾಡಬೇಕಾದರೆ ಮೊದಲು ಹೊಗೆ ಮನೆ ಬಿಡಬೇಕಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಹೊಗೆಕೊಳವೆಯ ಅಸ್ತ್ರ ಒಲೆ ಬಂತು. 1983ರಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ಯೋಜನೆ ತಂದಿತು. ಆಮೇಲೆ ಗೋಬರ್ ಗ್ಯಾಸು, ಸಿಲಿಂಡರು. ಗ್ಯಾಸ್ ಒಲೆಯನ್ನು ನೆಲದ ಮೇಲಿಟ್ಟು ಕೂತೇ ದೋಸೆ ಹೊಯ್ದ ಅಜ್ಜಿಯರನ್ನೂ ನೋಡಿದ್ದೇನೆ. ಮಿಕ್ಸಿ ಬಂದ ಮೇಲೆ ಒರಳಿನ ಮುಂದೆ ಕೂರುವ ಕೆಲಸವೂ ತಪ್ಪಿತು.

ಊರಿನ ಮೊದಲ ಕಟ್ಟೆಗಳಿಗೆ ಹಾಕಿದ್ದು ಕಡಪ ಕಲ್ಲು. ಅಗ್ಗ, ಕಪ್ಪು, ಚಪ್ಪಟೆ. ಆದರೆ ಅದು ಸುಣ್ಣದ ಕಲ್ಲು, ಹುಳಿಗೆ ಆಗದು. ಲಿಂಬೆಹೋಳು ಕವುಚಿಟ್ಟು ಮರೆತರೆ ಬೆಳಿಗ್ಗೆ ಅಲ್ಲೊಂದು ಬಿಳಿ ಬಳೆ ಮೂಡಿರುತ್ತಿತ್ತು, ತಿಕ್ಕಿದರೂ ಹೋಗದು. ಅಪ್ಪೆಹುಳಿ, ಪುನರ್ಪುಳಿ ಇಲ್ಲದೆ ಊಟ ಇಳಿಯದ ಊರಿಗೆ ಎಂಥ ಕಲ್ಲು! ಹತ್ತು ವರ್ಷದಲ್ಲಿ ಆ ಕಟ್ಟೆಗಳಿಗೆ ತೊನ್ನು ಹಿಡಿದಂತಾಯಿತು. ನಾವು ತರಿಸಿದ್ದು ಚಾಮರಾಜನಗರದ ಕಪ್ಪು ಗ್ರಾನೈಟು. ಭೂವಿಜ್ಞಾನಿಗಳನ್ನು ಕೇಳಿದರೆ ಅದು ಗ್ರಾನೈಟೇ ಅಲ್ಲ, ಡಾಲರೈಟು. ಹುಳಿಗೆ ಸುಲಭಕ್ಕೆ ಬಗ್ಗದಿದ್ದರೆ ಹೆಸರು ಏನಾದರೂ ಇರಲಿ.

ಎತ್ತರದ ಮಾತು ಬಂದಾಗ ಮೇಸ್ತ್ರಿ 34 ಇಂಚು ಎಂದ. ಅತ್ತಿಗೆ ಸೌಟು ಹಿಡಿದು ನಿಂತು ಮೊಣಕೈ ತೋರಿಸಿದರು, 32ಕ್ಕೆ ಇಳಿಯಿತು. 1926ರಲ್ಲಿ ಫ್ರಾಂಕ್‌ಫರ್ಟಿನ ಹೊಸ ಮನೆಗಳಿಗೆ ಹೆಜ್ಜೆ ಲೆಕ್ಕ ಹಾಕಿ ಪುಟ್ಟ ಅಡುಗೆಮನೆ ರೂಪಿಸಿದ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್‌ಕಿಗೆ ಅಲ್ಲಿಯವರೆಗೆ ಅಡುಗೆ ಮಾಡಿಯೇ ಗೊತ್ತಿರಲಿಲ್ಲವಂತೆ. ನಮ್ಮ ಮೇಸ್ತ್ರಿಗೂ ಗೊತ್ತಿಲ್ಲ.

ಮೊದಲ ಕಲ್ಲು ಕೈಕೊಟ್ಟಿತು. ಸಿಂಕಿನ ಕಿಂಡಿಯ ಮೂಲೆಗಳನ್ನು ಚೂಪಾಗಿ ಕತ್ತರಿಸಿದ್ದರಿಂದ, ಎತ್ತುವಾಗ ಒಂದು ಮೂಲೆಯಿಂದ ಸೀಳು ಓಡಿತು. ಎರಡನೆಯದಕ್ಕೆ ಮೊದಲು ನಾಲ್ಕು ಮೂಲೆಯಲ್ಲೂ ದುಂಡು ತೂತು ಕೊರೆದು, ಆಮೇಲೆ ಅವನ್ನು ಕೂಡಿಸಿ ಕತ್ತರಿಸಿದರು. ಗೋಡೆಯ ಡೊಂಕಿಗೆ ಕಲ್ಲು ಕತ್ತರಿಸಲಿಲ್ಲ, ಗೋಡೆಗೇ ಚಡಿ ಹೊಡೆದು ಕಲ್ಲನ್ನು ಒಳಕ್ಕೆ ನುಗ್ಗಿಸಿದರು. ಸಿಂಕಿನ ಕಡೆಗೆ ತುಸು ವಾಟ, ಅಷ್ಟೇ. ಹೆಚ್ಚಾದರೆ ಎಣ್ಣೆ ಬಾಣಲೆಯ ಒಂದೇ ಬದಿಗೆ ಸೇರುತ್ತದೆ.

ಜಗಳ ಆದದ್ದು ಸಿಂಕಿನ ನೀರಿಗೆ. ನೀರು ಬರುವುದು ಇಲ್ಲಿ ಎಂದೂ ದೊಡ್ಡ ವಿಷಯವಾಗಿರಲಿಲ್ಲ. ವರದಹಳ್ಳಿಯ ಆಶ್ರಮದಲ್ಲಿ ಶ್ರೀಧರ ತೀರ್ಥ ಪಂಪಿನ ಹಂಗಿಲ್ಲದೆ ಹರಿಯುವ ಹಾಗೆ, ಎಷ್ಟೋ ಮನೆಗಳಿಗೆ ಗುಡ್ಡದ ಅಬ್ಬಿ ನೀರು ಅಡಿಕೆ ಮರದ ದೋಣಿಯಲ್ಲಿ ತಾನಾಗಿ ಇಳಿದು ಕಲ್ಮರಿಗೆಗೆ ಬೀಳುತ್ತಿತ್ತು. ಹೋಗುವ ನೀರಿಗೂ ಒಂದು ಕ್ರಮವಿತ್ತು: ಅಕ್ಕಿ ತೊಳೆದದ್ದು, ಗಂಜಿ, ತರಕಾರಿ ಸಿಪ್ಪೆ ಸೇರಿದ ಅಕ್ಕಚ್ಚು ಕೊಟ್ಟಿಗೆಗೆ, ಮುಸುರೆ ತೊಳೆದದ್ದು ಬಾಳೆ ಬುಡಕ್ಕೆ. ಸಿಂಕಿಗೆ ಇರುವುದು ಒಂದೇ ಬಾಯಿ. ಅದು ಸೋಪು, ಗಂಜಿ ಎರಡನ್ನೂ ಕೂಡಿಸಿ ನುಂಗಿಬಿಡುತ್ತದೆ.

“ಎಲ್ಲ ಪೈಪಿಗೆ ಬಿಟ್ರೆ ದನಕ್ಕೆ ಎಂತ ಹಾಕದು?” ಎಂದರು ಅತ್ತಿಗೆ.

ಪ್ಲಂಬರ್ ಇಂಗುಗುಂಡಿಯ ಗುಣಗಾನ ಮಾಡಿ ಸೋತ. ಕೊನೆಗೆ ಒಂಟಿ ಸಿಂಕನ್ನು ಅಂಗಡಿಗೆ ವಾಪಸು ಕೊಟ್ಟು, ದೊಡ್ಡ ಗುಂಡಿಯೊಂದು ಚಿಕ್ಕದೊಂದು ಇರುವ ಜೋಡಿ ಸ್ಟೀಲ್ ಸಿಂಕು ತಂದೆವು. ಅದಕ್ಕಾಗಿ ಕಿಂಡಿಯನ್ನು ಇನ್ನೊಂದಿಷ್ಟು ಅಗಲ ಮಾಡುವಾಗ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ದೊಡ್ಡದರ ಪೈಪು ಬಾಳೆ ಬುಡಕ್ಕೆ. ಚಿಕ್ಕದಕ್ಕೆ ಸೋಪು ನಿಷಿದ್ಧ. ಅದರ ಪೈಪು ಗೋಡೆ ತೂರಿ ನೇರ ಕೊಟ್ಟಿಗೆಯ ಬಾನಿಗೆ.

ಮರುದಿನ ಬೆಳಿಗ್ಗೆ ಅತ್ತಿಗೆ ಅಕ್ಕಿ ತೊಳೆದು ನೀರು ಚೆಲ್ಲಿದರು. ಹೊರಗೆ ಹೋಗಿ ನೋಡಿದರೆ ನಮ್ಮ ದನ ಗೌರಿ ಬಾನಿಯನ್ನು ಬಿಟ್ಟು ಪೈಪಿನ ಬಾಯಿಗೇ ಮೂತಿ ಒಡ್ಡಿ ನಿಂತಿತ್ತು.