ದಡ್ಡ ಎಂಬ ಮಾತು

ಕೊರಟಗೆರೆಯ ಸೀಮೆಯಲ್ಲಿ ಉಪಾಧ್ಯಾಯನಾಗಿದ್ದ ವರ್ಷಗಳಲ್ಲಿ ಎಷ್ಟು ಮಕ್ಕಳನ್ನು ‘ದಡ್ಡ’ ಎಂದು ಕರೆದೆನೋ ಲೆಕ್ಕವಿಲ್ಲ. ಅವರಲ್ಲೊಬ್ಬ ಸಿದ್ಧರಬೆಟ್ಟದ ಕಡೆಯ ಹುಡುಗ. ಹಿಂದಿನ ಸಾಲಿನಲ್ಲಿ ಕುಳಿತು ನನ್ನ ತುಟಿಗಳನ್ನೇ ನೋಡುತ್ತಿದ್ದ. ಕೇಳಿದ್ದೊಂದಾದರೆ ಅವನ ಉತ್ತರ ಇನ್ನೊಂದು. ಬುದ್ಧಿ ಮಂದವೆಂದು ನಾನೇ ತೀರ್ಪಿತ್ತೆ. ಮಂದವಾಗಿದ್ದುದು ಅವನ ಕಿವಿ ಎಂದು ಪರೀಕ್ಷೆಯಿಂದ ತಿಳಿಯುವ ವೇಳೆಗೆ ಎರಡು ವರ್ಷ ಕಳೆದಿದ್ದವು.

ಅದೇ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಹಾಡೆಂದರೆ ಹಾಡುವಳು, ಕಂಡವರನ್ನೆಲ್ಲ ನಗುತ್ತ ಮಾತನಾಡಿಸುವಳು. ಇಂಥ ಚೂಟಿ ಮಗುವಿಗೆ ಏನು ಕೊರತೆಯೆಂದು ಸುಮ್ಮನಿದ್ದೆ. ಹತ್ತು ತುಂಬಿದರೂ ಲಂಗದ ಲಾಡಿ ಕಟ್ಟಿಕೊಳ್ಳಲಾರಳು, ಅಂಗಡಿಯ ಚಿಲ್ಲರೆ ಎಣಿಸಲಾರಳು, ನಡೆದದ್ದೂ ನುಡಿದದ್ದೂ ತಂಗಿಗಿಂತ ಬಹಳ ತಡವಾಗಿ ಎಂಬುದು ಒಮ್ಮೆ ಮಾತಿನ ನಡುವೆ ಹೊರಬಿತ್ತು. ‘ನೀವು ಕೇಳಲಿಲ್ಲ ಮೇಷ್ಟ್ರೇ, ನಾನು ಹೇಳಲಿಲ್ಲ’ ಎಂದರು ತಾಯಿ.

ಬುದ್ಧಿಯನ್ನು ಅಳೆಯುವ ಮಾನಕವನ್ನು ಬಿನೆ ಮತ್ತು ಸಿಮೋನ್ ಎಂಬವರು 1905ರಲ್ಲಿ ಪ್ಯಾರಿಸಿನಲ್ಲಿ ರಚಿಸಿದುದು ಇದಕ್ಕಾಗಿಯೇ: ವಿಶೇಷ ಬೋಧನೆ ಬೇಕಾದ ಮಕ್ಕಳನ್ನು ಉಪಾಧ್ಯಾಯರ ಊಹೆಗೆ ಬಿಡಬಾರದೆಂದು. ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತರು. ಧಾರವಾಡದ ಕಡೆಯ ಮಕ್ಕಳೊಡನೆ ನಡೆಸಿದ ಆ ಕೆಲಸ 1940ರಲ್ಲಿ ಗ್ರಂಥವಾಯಿತು. ಬಿನೆ-ಕಾಮತ್ ಪರೀಕ್ಷೆ, ಹಳತಾಯಿತೆಂಬ ಆಕ್ಷೇಪದ ನಡುವೆಯೂ, ಇಂದಿಗೂ ಬಳಕೆಯಲ್ಲಿದೆ. ಪ್ರಶ್ನೆಗಳನ್ನು ಭಾಷಾಂತರಿಸಿದರೆ ಸಾಲದು. ಮಗು ಎಂದೂ ಕಾಣದ ವಸ್ತುವಿನ ಹೆಸರು ಕೇಳಿದರೆ ನಾವು ಅಳೆದದ್ದು ಮಗುವಿನ ಬುದ್ಧಿಯನ್ನೋ, ಅದರ ಊರನ್ನೋ?

ಬುದ್ಧಿಸೂಚ್ಯಂಕ ಸುಮಾರು 70ಕ್ಕಿಂತ ಕೆಳಗಿದ್ದ ಮಾತ್ರಕ್ಕೆ ತೀರ್ಮಾನವಾಗದು. ಉಡುವುದು, ಉಣ್ಣುವುದು, ಹಣ ಎಣಿಸುವುದು, ನೆರೆಯವರೊಡನೆ ಬೆರೆಯುವುದು ಮುಂತಾದ ನಿತ್ಯದ ನಡವಳಿಕೆಯಲ್ಲೂ ಗಣನೀಯ ಮಿತಿಯಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಈ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಇವೆಲ್ಲಕ್ಕೂ ಮೊದಲು ಕಣ್ಣು ಕಿವಿಗಳ ತಪಾಸಣೆ. ನಾನು ಈ ಕ್ರಮವನ್ನು ತಲೆಕೆಳಗು ಮಾಡಿದ್ದೆ.

ಹುಡುಗಿಯನ್ನು ಬೆಂಗಳೂರಿಗೆ ಕರೆದೊಯ್ದಾಗ ನಾನೂ ಜೊತೆಗಿದ್ದೆ. ಮರದ ಹಲಗೆಯ ಕುಳಿಗಳಲ್ಲಿ ಬಗೆಬಗೆಯ ಆಕಾರದ ತುಂಡುಗಳನ್ನು ಅವಳು ಕೂರಿಸುತ್ತಿದ್ದಳು. ಮನಶ್ಶಾಸ್ತ್ರಜ್ಞೆ ಗಡಿಯಾರ ನೋಡುತ್ತಿದ್ದರು. ನಕ್ಷತ್ರದ ತುಂಡನ್ನು ಹಿಡಿದು ಅವಳು ನನ್ನ ಕಡೆ ತಿರುಗಿ ನಕ್ಕಳು. ಅನಂತರ ತಾಯಿಯನ್ನು ಕೂರಿಸಿಕೊಂಡು ಒಂದು ಗಂಟೆಗೂ ಮೀರಿ ಪ್ರಶ್ನೆ ಕೇಳಿದರು. ಅವುಗಳಲ್ಲಿ ಒಂದನ್ನಾದರೂ ನಾನು ಆ ಎರಡು ವರ್ಷಗಳಲ್ಲಿ ಕೇಳಿರಲಿಲ್ಲ.