ಹಳೆಯ ಬೇಸ್ ಗಿಟಾರೂ ಮನೆಯ ಸ್ಕ್ರೂಡ್ರೈವರೂ

ಹಾಡು ಕೇಳುವಾಗ ನಮ್ಮ ಕಿವಿ ಗಾಯಕರ ಕಡೆಗೆ, ಹೆಚ್ಚೆಂದರೆ ತಬಲಾ, ಪಿಟೀಲುಗಳ ಕಡೆಗೆ ಹೋಗುತ್ತದೆ. ಅವುಗಳ ಅಡಿಯಲ್ಲಿ ಮೆಲ್ಲನೆ ಹೆಜ್ಜೆ ಹಾಕುತ್ತಿರುವ ಗಂಭೀರ ನಾದವನ್ನು ಗಮನಿಸುವವರು ಕಡಿಮೆ. ಅದೇ ಬೇಸ್ ಗಿಟಾರ್. ಈ ವಾದ್ಯದ ಹಳೆಯ ಮಾದರಿಗಳನ್ನು ಮನೆಯಲ್ಲೇ ಬಿಚ್ಚಿ, ಉಜ್ಜಿ, ಬೆಸುಗೆ ಹಾಕಿ ನುಡಿಸುವ ಹವ್ಯಾಸಿಗಳು ದೇಶವಿದೇಶಗಳಲ್ಲಿ ಇದ್ದಾರೆ. ಹಳೆಯ ವಸ್ತುವನ್ನು ಎಸೆಯಲು ಮನಸ್ಸಾಗದ ನಮ್ಮಂಥ ಗೃಹಿಣಿಯರಿಗೆ ಅವರ ಪಾಡು ಚೆನ್ನಾಗಿಯೇ ಅರ್ಥವಾಗುತ್ತದೆ.

ಈ ರಿಪೇರಿಯ ಹುಚ್ಚಿಗೆ ಒಂದು ಕಾರಣ ವಾದ್ಯದ ಹುಟ್ಟಿನಲ್ಲೇ ಇದೆ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಎಂಬ ವಾದ್ಯವನ್ನು ಮಾರುಕಟ್ಟೆಗೆ ತಂದರು. ಅದುವರೆಗೆ ವಾದಕರು ಆಳೆತ್ತರದ ಡಬಲ್ ಬೇಸನ್ನು ಊರೂರಿಗೆ ಹೊತ್ತುಕೊಂಡು ಹೋಗಬೇಕಿತ್ತು. ಸ್ವತಃ ಗಿಟಾರ್ ನುಡಿಸಲು ಬಾರದ ಈ ಮನುಷ್ಯ, ರಿಪೇರಿಯವನ ಕಣ್ಣಿನಿಂದಲೇ ವಾದ್ಯವನ್ನು ಕಲ್ಪಿಸಿಕೊಂಡರು. ಪಿಟೀಲಿನಂತೆ ಕುತ್ತಿಗೆಯನ್ನು ಅಂಟಿನಿಂದ ಕೂಡಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿದರು. ಕೆಟ್ಟರೆ ಬಿಚ್ಚು, ಬದಲಿಸು! ಇಂಥ ವಾದ್ಯ ಕೈಗೆ ಸಿಕ್ಕಾಗ ಯಾರ ಬೆರಳು ತಾನೇ ಸುಮ್ಮನಿದ್ದೀತು?

ಸಣ್ಣಪುಟ್ಟ ರಿಪೇರಿಗಳು ನಿಜಕ್ಕೂ ಮನೆಗೆಲಸದಂತೆಯೇ. ಸ್ಕ್ರೂ ತೂತು ಸಡಿಲವಾದರೆ ಹಲ್ಲುಕಡ್ಡಿಗೆ ಮರದ ಅಂಟು ಸವರಿ ತುರುಕಿ, ಒಣಗಿದ ಮೇಲೆ ಮತ್ತೆ ಸ್ಕ್ರೂ ತಿರುಗಿಸುತ್ತಾರೆ. ಮಂಕಾದ ತಂತಿಗಳನ್ನು ನೀರಿನಲ್ಲಿ ಕುದಿಸುತ್ತಾರೆ! ದಪ್ಪ ತಂತಿಯ ಸುತ್ತುಗಳ ನಡುವೆ ಕುಳಿತ ಬೆವರು, ಕೊಳೆ ಬಿಟ್ಟುಹೋಗಿ ಕೆಲವು ದಿನ ಹೊಸ ದನಿ ಬರುತ್ತದೆ. ಪೂರ್ತಿ ಒಣಗಿಸದಿದ್ದರೆ ಮಾತ್ರ ತುಕ್ಕು ಖಂಡಿತ. (ಅಡುಗೆಯ ಪಾತ್ರೆಯನ್ನು ಇದಕ್ಕೆ ಕೊಡಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.) ಕುತ್ತಿಗೆ ಬಾಗಿದರೆ ಒಳಗಿರುವ ಉಕ್ಕಿನ ಸರಳನ್ನು ಬಿಗಿಯಬೇಕು. ಹಳೆಯ ಫೆಂಡರ್‌ಗಳಲ್ಲಿ ಅದರ ತಿರುಪು ಕುತ್ತಿಗೆಯ ಬುಡದಲ್ಲಿ ಅಡಗಿರುವುದರಿಂದ ಮೊದಲು ಕುತ್ತಿಗೆಯನ್ನೇ ಸಡಿಲಿಸಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಅವಸರ ಮಾಡಿದರೆ ಸರಳೇ ಮುರಿದೀತು.

ಕಷ್ಟವಿರುವುದು ಇನ್ನೊಂದು ಕಡೆ. ಫೆಂಡರ್ 1965ರಲ್ಲಿ ತಮ್ಮ ಕಂಪನಿಯನ್ನು ಸಿ.ಬಿ.ಎಸ್. ಸಂಸ್ಥೆಗೆ ಮಾರಿದರು. ಅದಕ್ಕೂ ಮೊದಲಿನ ವಾದ್ಯಗಳಿಗೆ ಈಗ ಚಿನ್ನದ ಬೆಲೆ. ಆದರೆ 1970ರ ದಶಕದಲ್ಲಿ ಅವು ಬರಿಯ ಸೆಕೆಂಡ್ ಹ್ಯಾಂಡ್ ಸಾಮಾನು. ಮರದ ಗೆರೆ ಕಾಣಲೆಂದು ಬಣ್ಣ ಕೆರೆದವರು, ಇನ್ನೊಂದು ಪಿಕಪ್ ಕೂರಿಸಲು ಉಳಿಯಿಂದ ಗುಳಿ ತೋಡಿದವರು ಅದೆಷ್ಟೋ ಮಂದಿ. ಬಣ್ಣ ಬದಲಾದರೆ ಬೆಲೆ ಅರ್ಧಕ್ಕೆ ಇಳಿಯಿತೆಂದು ವ್ಯಾಪಾರಿಗಳು ಲೆಕ್ಕ ಹಾಕುತ್ತಾರೆ. ಕೊಳ್ಳುವವರು ಒಳಗಿನ ಬೆಸುಗೆಯನ್ನೂ ಬಿಡದೆ ಪರೀಕ್ಷಿಸುತ್ತಾರೆ, ದನಿಯ ಗುಂಡಿಯ ಬೆನ್ನಿನಲ್ಲಿ ಒತ್ತಿರುವ ವರ್ಷ, ವಾರದ ಅಂಕೆ ಓದುತ್ತಾರೆ.

ಹಾಗಾದರೆ ಮುಟ್ಟಲೇಬಾರದೆ? ಈ ಪ್ರಶ್ನೆಗೆ ಇಬ್ಬರು ಮಹಾನ್ ವಾದಕರು ಎರಡು ಉತ್ತರ ಕೊಟ್ಟಿದ್ದಾರೆ. ಮೋಟೌನ್ ಧ್ವನಿಮುದ್ರಿಕೆಗಳ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್ ಬೇಸಿನ ತಂತಿಗಳನ್ನು, ಕಡಿದುಹೋಗದ ಹೊರತು, ಬದಲಿಸುತ್ತಿರಲಿಲ್ಲ. ಆ ಮಂದ್ರ ಮೃದುತ್ವ ಅವರಿಗೆ ಬೇಕಿತ್ತು. ಜಾಕೋ ಪಾಸ್ಟೋರಿಯಸ್ ತದ್ವಿರುದ್ಧ. ಅವರ 1962ರ ಜಾಝ್ ಬೇಸಿನಲ್ಲಿ ಫ್ರೆಟ್‌ಗಳೇ, ಅಂದರೆ ನಮ್ಮ ವೀಣೆಯ ಮೆಟ್ಟಿಲಿನಂಥ ಪಟ್ಟಿಗಳೇ, ಇರಲಿಲ್ಲ. ಬೆಣ್ಣೆ ಸವರುವ ಚಾಕುವಿನಿಂದ ಅವರೇ ಕಿತ್ತರೆಂಬ ಕಥೆ ಪ್ರಸಿದ್ಧವಾಗಿದೆ. ಬೇರೆ ಬಗೆಯಲ್ಲೂ ಹೇಳುತ್ತಾರೆ. ಸೀಳುಗಳನ್ನು ತುಂಬಿ, ಒರಟು ತಂತಿ ಮರವನ್ನು ತಿನ್ನದಂತೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದರು. ಸ್ವರದಿಂದ ಸ್ವರಕ್ಕೆ ಜಾರುವ, ಹಾಡುವಂಥ ಆ ದನಿ 1976ರ ಅವರ ಮೊದಲ ಆಲ್ಬಮ್ಮಿನಲ್ಲಿ ಕೇಳಿಬಂದಾಗ ಬೇಸ್ ವಾದನದ ರೀತಿಯೇ ಬದಲಾಯಿತು. ನಮ್ಮ ಗಮಕಕ್ಕೆ ಒಗ್ಗಿದ ಕಿವಿಗೆ ಇದರ ಆಕರ್ಷಣೆ ಹೇಳಿಕೊಡಬೇಕಾಗಿಲ್ಲ.

ಬೆಲೆಪಟ್ಟಿಯವರ ಮಾತು ಕೇಳಿದ್ದರೆ ಆ ನಾದ ಹುಟ್ಟುತ್ತಿರಲಿಲ್ಲ. ಹಾಗೆಂದು ಚಾಕು ಹಿಡಿದವರೆಲ್ಲ ಜಾಕೋ ಆಗುವುದಿಲ್ಲ! ನನ್ನನ್ನು ಕೇಳಿದರೆ, ಯಾರ ಕೈಯೂ ತಾಗದ ವಾದ್ಯ ಸಿಕ್ಕರೆ ಅದರ ಮರವನ್ನು ಕೊರೆಯಬಾರದು, ಬಣ್ಣ ಕೆರೆಯಬಾರದು. ಆಗಲೇ ಯಾರೋ ಕೊರೆದು, ಬಳಿದು ಬಿಟ್ಟ ವಾದ್ಯವಾದರೆ ಧೈರ್ಯವಾಗಿ ಪ್ರಯೋಗ ಮಾಡಬಹುದು. ಅಂಥದ್ದು ನುಡಿಸಲೆಂದೇ ಉಳಿದಿರುತ್ತದೆ. ಕಿತ್ತ ಗುಂಡಿ, ಸ್ಕ್ರೂ, ತಂತಿಯ ತುಂಡು ಯಾವುದನ್ನೂ ಎಸೆಯದೆ ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿ, ಗಿಟಾರಿನ ಪೆಟ್ಟಿಗೆಯಲ್ಲೇ ಇಡಬೇಕು. ಮುಂದೆ ಕೊಳ್ಳುವವರು ಮೊದಲು ಕೇಳುವುದು ಅದನ್ನೇ. ಬೇಸ್ ಬಿಚ್ಚಿ ಅಭ್ಯಾಸವಾಯಿತೆಂದು ಅದೇ ಸ್ಕ್ರೂಡ್ರೈವರಿನಿಂದ ಆಂಪ್ಲಿಫೈಯರಿಗೆ ಮಾತ್ರ ಕೈಹಾಕಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.